ಅದನ್ನ ಆಟಿಕೆ ಅನ್ನಬೇಡಿ ಮಾರಾಯ್ರೇ

ಬೆಳಿಗ್ಗೆಯಿಂದ ಮೂರನೇ ಸಲ ಅದೇ ವಿಡಿಯೋ. ಇಂಗ್ಲೆಂಡಿನ ಕಂಬ್ರಿಯಾದ ರೇವನ್‌ಗ್ಲಾಸ್ ಸ್ಟೇಷನ್ನು, ಭುಸುಗುಡುತ್ತ ಹೊರಟ 'ರಿವರ್ ಎಸ್ಕ್' ಅನ್ನೋ ಹಬೆ ಎಂಜಿನ್ನು, ಕೆಳಗೆ ನಮ್ಮವರ ಷರಾ: "ಕ್ಯೂಟ್ ಟಾಯ್ ಟ್ರೇನ್! ನಮ್ ಕಬ್ಬನ್ ಪಾರ್ಕ್ ಥರಾನೇ!"

ಕಬ್ಬನ್ ಪಾರ್ಕಿನ ಪುಟಾಣಿ ರೈಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಹೊರಟಲ್ಲಿಗೇ ಸುತ್ತಿ ಬರೋದೇ ಅದರ ಕೆಲಸ. ರೇವನ್‌ಗ್ಲಾಸಿನದು ಹುಟ್ಟಿದ್ದೇ ಕಬ್ಬಿಣದ ಅದಿರು ಹೊರಲಿಕ್ಕೆ, 1875ರಲ್ಲಿ, ಮೂರಡಿ ಗೇಜಿನಲ್ಲಿ, ಅಂದರೆ ಎರಡು ಹಳಿಗಳ ನಡುವೆ ಮೂರಡಿ ಅಗಲ. 1913ರಲ್ಲಿ ಮುಚ್ಚಿ, 1915ರಿಂದ 15 ಇಂಚಿಗೆ ಇಳಿದು ಮತ್ತೆ ಎದ್ದಿತು. ಆಮೇಲೆ ಬೆಕ್‌ಫುಟ್ ಕ್ವಾರಿಯ ಗ್ರಾನೈಟ್ ಹೊತ್ತಿತು; ಆ ಕ್ವಾರಿ ಮುಚ್ಚಿದ್ದು 1953ರಲ್ಲಿ. ಮರ್ತ್‌ವೇಟ್‌ನ ಜಲ್ಲಿ ಘಟಕದಿಂದ ಕೆಳಗೆ ಈ ಸಣ್ಣ ಹಳಿಯ ಆಚೀಚೆ ಅಲ್ಲಿನ ಮಾಮೂಲಿ ರೈಲಿನ 4 ಅಡಿ 8.5 ಇಂಚಿನ ದೊಡ್ಡ ಹಳಿಯನ್ನೂ ಹಾಸಿದ್ದರು. ಒಂದರ ಹೊಟ್ಟೆಯೊಳಗೆ ಇನ್ನೊಂದು ರೈಲುದಾರಿ! ಆಟಿಕೆಗೆ ಯಾರಾದರೂ ಜಲ್ಲಿ ತುಂಬ್ತಾರಾ?

15 ಇಂಚು ಅನ್ನೋ ಲೆಕ್ಕವೂ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ಎಸ್ಟೇಟಿಗೆ ಕಲ್ಲಿದ್ದಲು, ಇಟ್ಟಿಗೆ ಸಾಗಿಸಲು ಅತಿ ಕಡಿಮೆ ಅಗಲದ ಹಳಿ ಎಷ್ಟಿದ್ದರೆ ಸಾಕು ಎಂದು ಇಂಗ್ಲೆಂಡಿನ ಸರ್ ಆರ್ಥರ್ ಹೇವುಡ್ 'ಡಫೀಲ್ಡ್ ಬ್ಯಾಂಕ್' ಅನ್ನೋ ತನ್ನ ಮನೆಯ ಜಾಗದಲ್ಲೇ ಕಟ್ಟಿ, ಓಡಿಸಿ ನೋಡಿ ಹಿಡಿದ ಅಳತೆ ಅದು.

ಸಣ್ಣದು ಅಂದರೆ ಸುಲಭ ಅಂದ್ಕೊಂಡಿದ್ದೀರಲ್ಲ, ಅಲ್ಲೇ ಎಡವಟ್ಟು. ಎಂಜಿನ್ನಿನ ಎಲ್ಲ ಅಳತೆಯನ್ನೂ ಮೂರನೇ ಒಂದಕ್ಕೆ ಇಳಿಸಿದರೆ ಬಾಯ್ಲರಿನ ಮೈ ಒಂಬತ್ತನೇ ಒಂದಾಗುತ್ತೆ, ಒಳಗಿನ ನೀರು ಇಪ್ಪತ್ತೇಳನೇ ಒಂದು. ಹಾಗಾಗಿ ಶಾಖ ಬೇಗ ಸೋರುತ್ತೆ, ನೀರಿನ ಮಟ್ಟ ನೋಡನೋಡುತ್ತ ಇಳಿಯುತ್ತೆ. ನೀರಿನ ಮಟ್ಟ ತೋರಿಸೋ ಗಾಜಿನ ಕೊಳವೆ, ಗೇಜ್ ಗ್ಲಾಸಿನಿಂದ ಕಣ್ಣು ಕಿತ್ತು ನೀರು ತೀರ ಕಡಿಮೆಯಾದರೆ ಬೆಂಕಿಗೂಡಿನ ಮಾಡು ಬರಿದಾಗಿ ಅಪಾಯ ತಡೆಯಲು ಅಲ್ಲಿ ಕೂರಿಸಿದ ಸೀಸದ ಪ್ಲಗ್ಗು ಕರಗುತ್ತೆ, ಅವತ್ತಿನ ಓಡಾಟ ಅಲ್ಲಿಗೆ ಮುಗೀತು. ಹೆದರಿ ಜಾಸ್ತಿ ತುಂಬಿದರೆ ಹಬೆಯ ಜೊತೆ ನೀರೂ ಸಿಲಿಂಡರಿಗೆ ನುಗ್ಗುತ್ತೆ. ನೀರು ಒತ್ತಿದರೆ ಕುಗ್ಗಲ್ಲ, ಸಿಲಿಂಡರಿನ ಮುಚ್ಚಳವೇ ಹಾರಬಹುದು. ಕಲ್ಲಿದ್ದಲನ್ನೂ ಒಡೆದು ಚಿಕ್ಕದು ಮಾಡಿಕೊಳ್ಳಬೇಕು. ಡ್ರೈವರ್ ಒಬ್ಬ ಮಾತ್ರ ಪೂರ್ತಿ ಸೈಜು, ಪಾಪ, ಮಂಡಿ ಮಡಚಿಕೊಂಡು.

"ಜನ ಖುಷಿಗೆ ಹೋಗೋದಲ್ವಾ, ಏನಂದ್ರೇನು?" ಅಂತೀರಿ. ಹೋಗಿ, ಖುಷಿಪಡಿ. ಆದರೆ ಆಟಿಕೆ ಅಂದ್ಕೊಂಡು ಹೋದವರು ಸೆಲ್ಫಿ ತೆಗೆದು ಎದ್ದು ಬರ್ತಾರೆ. ದಕ್ಷಿಣದ ಕೆಂಟಿನಲ್ಲಿ ಇದೇ 15 ಇಂಚಿನ ರಾಮ್ನಿ-ಹೈತ್-ಡಿಮ್‌ಚರ್ಚ್ ದಾರಿ ಇದೆ, ಹದಿಮೂರೂವರೆ ಮೈಲಿ. ಎರಡನೇ ಮಹಾಯುದ್ಧದಲ್ಲಿ ಅದರ 'ಹರ್ಕ್ಯುಲಿಸ್' ಎಂಜಿನ್ನಿಗೆ ಉಕ್ಕಿನ ಕವಚ ತೊಡಿಸಿ ಕಾವಲಿಗೆ ಬಿಟ್ಟಿದ್ದರು. ಕ್ಯೂಟ್ ಅಂತೆ!

ರೇವನ್‌ಗ್ಲಾಸಿಗೆ ಹೋಗೋದಾದರೆ ಎಂಜಿನ್ನಿನ ಹಿಂದಿನ ಮೊದಲ ಬೋಗಿಯಲ್ಲೇ ಕೂತ್ಕೊಳ್ಳಿ. ಹೊರಡುವಾಗ ಪಕ್ಕದಿಂದ ಚಿಮ್ಮೋ ಹಬೆ ಶೋಕಿಗಲ್ಲ, ಸಿಲಿಂಡರಿನ ನೀರು ಹೊರಹಾಕೋದು. ಎರಡು ಸಿಲಿಂಡರಿನ ಎಂಜಿನ್ನಾದರೆ ಚಕ್ರದ ಒಂದು ಸುತ್ತಿಗೆ ನಾಲ್ಕು ಭುಸ್. ಒದ್ದೆ ಎಲೆ ಬಿದ್ದ ಏರಿನಲ್ಲಿ ಆ ನಾಲ್ಕೂ ಒಂದಕ್ಕೊಂದು ಅಂಟಿ ಗುರ್ರ್ ಅಂದರೆ ಚಕ್ರ ಜಾರ್ತಿದೆ. ಡ್ರೈವರ್ ಹಬೆ ತಗ್ಗಿಸಿ, ಚಕ್ರಕ್ಕೆ ಹಿಡಿತ ಸಿಗಲಿ ಅಂತ ಹಳಿಗೆ ಮರಳು ಬಿಡ್ತಾನೆ. ಸುಮಾರು ನಲವತ್ತು ನಿಮಿಷಕ್ಕೆ, ಏಳು ಮೈಲಿಯಾಚೆ, ಕೊನೇ ಸ್ಟೇಷನ್ನು ಡೇಲ್‌ಗಾರ್ತ್. ಇಳಿದವರೇ ಕೆಫೆಗೆ ಓಡಬೇಡಿ. ಎಂಜಿನ್ನನ್ನ ಟರ್ನ್‌ಟೇಬಲ್ ಅನ್ನೋ ತಿರುಗುವ ಹಳಿತಟ್ಟೆ ಮೇಲೆ ತಂದು ಕೈಯಲ್ಲೇ ತಳ್ಳಿ ತಿರುಗಿಸ್ತಾರೆ. ತೂಕ ಸರಿಯಾಗಿ ನಡುವೆ ಕೂರದಿದ್ದರೆ ಅಲ್ಲಾಡಲ್ಲ; ಆಗ ಎಂಜಿನ್ನನ್ನ ತುಸು ಹಿಂದೆ, ತುಸು ಮುಂದೆ ಸರಿಸಿ ಮತ್ತೆ ಹೆಗಲು ಕೊಡಬೇಕು. ಆ ಹೊತ್ತಿಗೆ ಟಾಯ್ ಟ್ರೇನ್ ಅಂದೋರು ಕ್ಯಾಮೆರಾ ಕೆಳಗಿಟ್ಟು ಒಂದು ಕೈ ಹಾಕ್ಲಿ ನೋಡೋಣ.