ಮೋಡವಿಲ್ಲದ ಸಂಜೆಯ ಛತ್ರಿ

ಆಕಾಶದಲ್ಲಿ ಚೂರು ಮೋಡವೂ ಇಲ್ಲದ ಸಂಜೆ, ನಗರದ ನಡುಬೀದಿಯ ಮರವೊಂದರ ಕೆಳಗೆ ಛತ್ರಿ ಬಿಚ್ಚಿಕೊಂಡು, ಅದರ ಅಂಚಿನಿಂದ ಕತ್ತು ಹೊರಚಾಚಿ ಮೇಲೆ ನೋಡುತ್ತ ನಿಂತ ಮನುಷ್ಯನನ್ನು ಕಂಡರೆ ದಾರಿಹೋಕರು ಏನೆಂದುಕೊಳ್ಳುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಕಳೆದ ನಾಲ್ಕು ಚಳಿಗಾಲಗಳಿಂದ ಆ ಮನುಷ್ಯ ನಾನೇ ಆಗಿದ್ದೇನೆ. ಮೊದಲ ವಾರ ಛತ್ರಿ ಇರಲಿಲ್ಲ, ಬಾಯಿ ತೆರೆದುಕೊಂಡು ನೋಡುವ ಅಭ್ಯಾಸವೂ ಇತ್ತು. ಎರಡನ್ನೂ ಒಂದೇ ಸಂಜೆ ತಿದ್ದಿಕೊಂಡೆ.

ನಾನು ಕಾಯುವುದು ಬಿಳಿ ಸಿಪಿಲೆಗಳಿಗಾಗಿ. ಸದಾ ಬಾಲ ಕುಣಿಸುವ ಈ ಹಕ್ಕಿಗೆ ಕುಂಡೆಕುಸ್ಕ ಎಂಬ ಇನ್ನೊಂದು ಹೆಸರೂ ಇರುವುದರಿಂದ, ‘ಏನು ನೋಡುತ್ತಿದ್ದೀರಿ?’ ಎಂದು ಯಾರಾದರೂ ಕೇಳಿದಾಗ ಯಾವ ಹೆಸರು ಹೇಳಬೇಕೆಂಬುದನ್ನು ಕೇಳಿದವರ ಮುಖ ನೋಡಿ ತೀರ್ಮಾನಿಸುತ್ತೇನೆ. ಇಪ್ಪತ್ತು, ಇಪ್ಪತ್ತೈದು ಗ್ರಾಂ ತೂಗುವ ಈ ಜೀವ ಬೇಸಗೆಯಲ್ಲಿ ಉತ್ತರದ ನಾಡುಗಳಲ್ಲಿ ಮರಿ ಮಾಡಿ, ಚಳಿ ಬಿದ್ದೊಡನೆ ದಕ್ಷಿಣಕ್ಕೆ ಹೊರಡುತ್ತದೆ. ಹಗಲಿನಲ್ಲಿ ನೀರಂಚಿನ ಒಂದು ತುಂಡು ನೆಲಕ್ಕಾಗಿ ನೆರೆಯ ಹಕ್ಕಿಯನ್ನು ಅಟ್ಟಾಡಿಸುವ ಸಿಪಿಲೆ, ಕತ್ತಲಾಗುವ ಹೊತ್ತಿಗೆ ಆ ವ್ಯಾಜ್ಯವನ್ನೆಲ್ಲ ಮರೆತು, ಅದೇ ನೆರೆಯವನ ಪಕ್ಕದ ಕೊಂಬೆಯಲ್ಲಿ ನೂರಾರು ಹಕ್ಕಿಗಳ ನಡುವೆ ಮಲಗುತ್ತದೆ. ಹೀಗೆ ಮಲಗಲು ಅದು ಊರಾಚೆಯ ಕಾಡಿಗೇ ಹೋಗಬೇಕೆಂದಿಲ್ಲ. ನಗರದ ಕಟ್ಟಡಗಳ ನಡುವೆ ಗಾಳಿ ಕಡಿಮೆ, ಬೆಚ್ಚಗೆ ಹೆಚ್ಚು. ಡಬ್ಲಿನ್ ನಗರದ ಓಕಾನಲ್ ಬೀದಿಯ ಮರಗಳಲ್ಲಿ ಇದರ ದಾಯಾದಿಗಳು ರಾತ್ರಿ ತಂಗಲು ತೊಡಗಿದ್ದು 1929ರಲ್ಲಿ. ಅಷ್ಟು ಗದ್ದಲದ ಬೀದಿಯಲ್ಲಿ ನಿದ್ದೆ ಮಾಡಬಲ್ಲ ಹಕ್ಕಿಗೆ ನನ್ನ ಛತ್ರಿಯಿಂದ ತೊಂದರೆಯಾಗಲಾರದೆಂಬ ಸಮಾಧಾನ ನನ್ನದು.

ನಮ್ಮ ತಂಡದಲ್ಲಿ ಮೂವರು: ನಾನು, ಒಬ್ಬ ಹಿರಿಯ ಮಿತ್ರರು, ನನ್ನ ಅಕ್ಕನ ಮಗ. ಹಕ್ಕಿಗಳು ಮೊದಲು ಎದುರಿನ ಕಟ್ಟಡದ ತಾರಸಿಯಲ್ಲಿ ಸೇರುತ್ತವೆ. ಮಬ್ಬುಗತ್ತಲಾದ ಮೇಲೆ ಗುಂಪುಗುಂಪಾಗಿ ಮರದೊಳಕ್ಕೆ ಸುರಿಯುತ್ತವೆ. ಒಂದೊಂದನ್ನೇ ಎಣಿಸಲು ಆಗುವುದಿಲ್ಲವಾದ್ದರಿಂದ, ಮೊದಲು ಹತ್ತು ಹಕ್ಕಿಗಳನ್ನು ಎಣಿಸಿ, ಅವು ಆಕಾಶದಲ್ಲಿ ಎಷ್ಟು ಜಾಗ ಹಿಡಿಯುತ್ತವೆಂದು ಕಣ್ಣಳತೆ ಮಾಡಿಕೊಂಡು, ಅಂಥ ಹತ್ತುಗಳು ಗುಂಪಿನಲ್ಲಿ ಎಷ್ಟಿವೆಯೆಂದು ಲೆಕ್ಕ ಹಾಕಬೇಕು. ಕ್ರಮವೇನೋ ಒಳ್ಳೆಯದೇ. ಆದರೆ ನಾನು ಎಂಟುನೂರ ನಲವತ್ತನ್ನು ತಲುಪಿದ್ದಾಗ ಹುಡುಗ, ‘ಮಾಮ, ಗಂಟೆ ಎಷ್ಟು?’ ಎಂದ. ‘ಆರು ಹತ್ತು’ ಎಂದೆ. ಅಲ್ಲಿಂದ ಮುಂದೆ ಆರುನೂರ ಇಪ್ಪತ್ತು, ಆರುನೂರ ಮೂವತ್ತು ಎಂದು ಎಣಿಕೆ ಸರಾಗವಾಗಿ ಸಾಗಿತು. ಆ ದಿನದ ಪುಸ್ತಕದಲ್ಲಿ ನನ್ನ ಲೆಕ್ಕ 790 ಎಂದೂ ಮಿತ್ರರದು 1,450 ಎಂದೂ ಹುಡುಗನದು ‘ತುಂಬ’ ಎಂದೂ ದಾಖಲಾಗಿದೆ. ದೊಡ್ಡ ಗುಂಪುಗಳನ್ನು ಮನುಷ್ಯರು ಸಾಮಾನ್ಯವಾಗಿ ಕಡಿಮೆಯಾಗಿಯೇ ಅಂದಾಜಿಸುತ್ತಾರೆಂಬುದು ತಿಳಿದ ವಿಷಯ. ಮಿತ್ರರು ಅದನ್ನು ಎಷ್ಟು ಗಟ್ಟಿಯಾಗಿ ನಂಬಿದ್ದಾರೆಂದರೆ, ತಮ್ಮ ಲೆಕ್ಕಕ್ಕೆ ಮುನ್ನೂರು ಸೇರಿಸಿದ ಮೇಲೆ ನನ್ನದಕ್ಕೂ ಕೇಳದೆಯೇ ಇನ್ನೂರು ಸೇರಿಸುತ್ತಾರೆ.

ರೋಮ್ ನಗರದ ವಿಜ್ಞಾನಿಗಳು ಇಂಥ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿದರು. ಅಲ್ಲಿನ ರೈಲು ನಿಲ್ದಾಣದ ಬಳಿ ಚಳಿಗಾಲದಲ್ಲಿ ತಂಗುವ ಸ್ಟಾರ್ಲಿಂಗ್‌ಗಳ ಹಿಂಡನ್ನು ಅವರು ಕಟ್ಟಡವೊಂದರ ಮೇಲಿನಿಂದ ಹಲವು ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಸೆರೆಹಿಡಿದು, ಪ್ರತಿ ಹಕ್ಕಿಯೂ ತನಗೆ ಹತ್ತಿರದ ಆರೇಳು ಹಕ್ಕಿಗಳ ಮೇಲಷ್ಟೇ ಗಮನವಿಟ್ಟು ಹಾರುತ್ತದೆಂದು 2008ರಲ್ಲಿ ಪ್ರಕಟಿಸಿದರು. ಸಾವಿರಾರು ಹಕ್ಕಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ತಿರುಗುವುದು ಹಾಗಂತೆ. ನಾವು ಮೂವರೂ ಒಂದೇ ಹಕ್ಕಿಹಿಂಡಿನ ಮೇಲೆ ಗಮನವಿಟ್ಟು ಹಿಂದೆ ಹಿಂದೆ ಸರಿದದ್ದರ ಫಲವಾಗಿ, ನಾನು ಮಿತ್ರರಿಗೆ ಡಿಕ್ಕಿ ಹೊಡೆದು, ಮಿತ್ರರು ಹುಡುಗನಿಗೆ ಹೊಡೆದು, ಹುಡುಗ ಚುರುಕಾಗಿ ಪಕ್ಕಕ್ಕೆ ಜಿಗಿದುದರಿಂದ, ಮಿತ್ರರ ಒಂದು ಕಾಲು ಚರಂಡಿಗಿಳಿಯಿತು. ಕಾಲಿಗೇನೂ ಆಗಲಿಲ್ಲ. ಚಪ್ಪಲಿ ಮಾತ್ರ ಇನ್ನೂ ಅಲ್ಲೇ ಇದೆ.

ದುರ್ಬೀನನ್ನು ತಾರಸಿಯ ಕಡೆಗೆ ತಿರುಗಿಸಿದಾಗ ಅದರ ಕೆಳಗಿನ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಮಹಿಳೆಯೊಬ್ಬರು ‘ಏನ್ರೀ ಅದು?’ ಎಂದು ಗದರಿದ್ದೂ ಉಂಟು. ‘ನಿಮ್ಮ ತಲೆಯ ಮೇಲೆ ನಾನೂರಿವೆ ಅಮ್ಮಾ’ ಎಂದು ನಿಜವನ್ನೇ ಹೇಳಿದೆ. ಆಕೆ ತಲೆ ಮುಟ್ಟಿಕೊಂಡು ಒಳಗೆ ಹೋದರು. ಹೊರಗೆ ಬಂದವರು ಅವರ ಯಜಮಾನರು. ಆ ಸಂಜೆ ಎಣಿಕೆ ನಡೆಯಲಿಲ್ಲ.

ಈ ವರ್ಷದ ಪೆಟ್ಟು ಮಾತ್ರ ದೊಡ್ಡದು. ಕಚೇರಿಯ ಎಂಟು ಮಂದಿಯನ್ನು ಉಪದ್ರವ ಕೊಟ್ಟು ಒಪ್ಪಿಸಿ, ಪ್ರತಿಯೊಬ್ಬರಿಗೂ ಛತ್ರಿ ತರಲು ಹೇಳಿ ಕರೆದುಕೊಂಡು ಹೋದೆ. ಮರದ ಕೊಂಬೆಗಳನ್ನು ಹಿಂದಿನ ದಿನವಷ್ಟೇ ಕಡಿದುಹಾಕಿದ್ದರು. ಒಂಬತ್ತು ಛತ್ರಿಗಳ ಕೆಳಗೆ ನಾವು ಕತ್ತಲಾಗುವವರೆಗೆ ನಿಂತೆವು. ಒಂದು ಕಾಗೆ ಬಂದು, ನಮ್ಮನ್ನು ನೋಡಿ, ಹೊರಟುಹೋಯಿತು.

ಹಸಿದ ಹಕ್ಕಿಗಳು ಹೊಟ್ಟೆ ತುಂಬಿಸಿಕೊಂಡು ಬಂದ ಹಕ್ಕಿಗಳ ಬೆನ್ನು ಹತ್ತಿ ಆಹಾರದ ತಾಣ ತಿಳಿಯಲು ಇಂಥ ರಾತ್ರಿತಂಗುಗಳು ಅನುಕೂಲವೆಂದು ಪಕ್ಷಿವಿಜ್ಞಾನಿಗಳಾದ ವಾರ್ಡ್ ಮತ್ತು ಜಹಾವಿ 1973ರಲ್ಲಿ ವಾದಿಸಿದ್ದರು. ಬೆನ್ನು ಹತ್ತುವ ವಿದ್ಯೆ ಹಕ್ಕಿಗೆ ಒಲಿಯುವುದಾದರೆ ನಮಗೇಕೆ ಒಲಿಯಬಾರದೆಂದು, ಮರುದಿನ ಸಂಜೆ ಕೆರೆಯಂಚಿನಿಂದ ಎದ್ದ ಸಿಪಿಲೆಯೊಂದನ್ನು ಸ್ಕೂಟರಿನಲ್ಲಿ ಹಿಂಬಾಲಿಸಿದೆವು. ಮೊದಲನೆಯ ಸಿಗ್ನಲ್‌ನಲ್ಲಿ ಕೆಂಪುದೀಪ ಬಿತ್ತು. ಸಿಪಿಲೆ ನಿಲ್ಲಲಿಲ್ಲ. ಬೆಳಗಿನ ಜಾವ ತಂಗುದಾಣ ಬಿಟ್ಟು ಸುತ್ತಲೂ ಚೆದರುವ ಸ್ವಾಲೋ ಹಕ್ಕಿಗಳ ಹಿಂಡು ಹವಾಮಾನ ರೇಡಾರ್‌ನ ಪರದೆಯಲ್ಲಿ ಉಂಗುರದಂತೆ ಮೂಡುವುದುಂಟೆಂದು ಮಿತ್ರರು ಮೂರು ದಿನ ಅದರದೇ ಧ್ಯಾನದಲ್ಲಿದ್ದರು. ರೇಡಾರ್ ಇಲ್ಲದ ಹುಡುಗ, ‘ಮಾಮ, ಮೇಲೆ ಯಾಕೆ ನೋಡಬೇಕು? ಹಗಲು ಹೊತ್ತು ಕೆಳಗೆ ನೋಡಿದರಾಗದೇ?’ ಎಂದ.

ಹೀಗೆ ಐದು ದಿನ ನಡುಮಧ್ಯಾಹ್ನ ತಲೆ ತಗ್ಗಿಸಿಕೊಂಡು, ನಿಂತ ಕಾರುಗಳ ಬೆನ್ನನ್ನೂ ಮರದಡಿಯ ನೆಲವನ್ನೂ ಪರೀಕ್ಷಿಸುತ್ತ ಬೀದಿ ಬೀದಿ ಅಲೆದೆವು. ಆರನೆಯ ದಿನ ವಾಹನ ನಿಲ್ದಾಣವೊಂದರಲ್ಲಿ ಸುಣ್ಣ ಬಳಿದಂತಿದ್ದ ಏಳು ಕಾರುಗಳು ಸಿಕ್ಕವು. ಅಲ್ಲಿನ ಕಾವಲುಗಾರ ಬಕೆಟ್ ಹಿಡಿದು ನೆಲ ತೊಳೆಯುತ್ತಿದ್ದ.

‘ಇಲ್ಲಿ ಹಕ್ಕಿಗಳು ಬರುತ್ತವೆಯೇ?’ ಎಂದೆ.

‘ಬಂದು ಒಂದು ವಾರ ಆಯ್ತಲ್ಲ ಸಾರ್’ ಎಂದ ಆತ. ‘ಮೊದಲ ದಿನ ಎರಡು ಬಕೆಟ್ ನೀರು ಸಾಕಾಗಿತ್ತು. ಆಮೇಲೆ ನಾಲ್ಕು. ಮೊನ್ನೆಯಿಂದ ಆರು.’

ಮಿತ್ರರು ಪುಸ್ತಕ ತೆಗೆದು ಮೂರೂ ಅಂಕಿಗಳನ್ನು ಬರೆದುಕೊಂಡರು. ನಾಲ್ಕು ವರ್ಷಗಳ ನಮ್ಮ ದಾಖಲೆಯಲ್ಲಿ ಇಷ್ಟು ಕ್ರಮವಾಗಿ ಏರಿದ ಸಂಖ್ಯೆಗಳು ಬೇರೆಡೆ ಇಲ್ಲ. ಸಂಜೆ ಅಲ್ಲೇ ಕಾದೆವು. ಹಕ್ಕಿಗಳು ಬಂದವು. ನನ್ನ ಲೆಕ್ಕ 900, ಮಿತ್ರರದು 2,000, ಹುಡುಗನದು ತುಂಬ.

‘ಮಾಮ, ಆರು ಬಕೆಟ್ ಅಂದರೆ ಎಷ್ಟು ಹಕ್ಕಿ?’ ಎಂದು ಹುಡುಗ ಕೇಳಿದ. ಮನಸ್ಸಿನಲ್ಲೇ ಭಾಗಾಕಾರ ಮಾಡಲೆಂದು, ಛತ್ರಿ ಪಕ್ಕಕ್ಕಿಟ್ಟು ಮೇಲೆ ನೋಡಿದೆ. ಕಾವಲುಗಾರ ಮಾತಾಡದೆ ಹೋಗಿ ಏಳನೆಯ ಬಕೆಟ್ ತಂದ.