ದೇವರಾಜ ಮಾರುಕಟ್ಟೆ: ಕೆಡವಿ ಕಟ್ಟಬೇಕಾ?

ಮೈಸೂರಿನ ಚಿಕ್ಕಗಡಿಯಾರದ ಗೋಪುರದಿಂದ ಧನ್ವಂತರಿ ರಸ್ತೆವರೆಗೆ ಚಾಚಿಕೊಂಡಿರುವ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ಆಗಿನಿಂದ ಊರಿನಲ್ಲಿ ಎರಡು ಮಾತು. ಕೆಡವಲು ಅಡ್ಡಿಯಿಲ್ಲ ಎಂದು 2023ರಲ್ಲಿ ಹೈಕೋರ್ಟ್ ಹೇಳಿದ ಮೇಲೂ ಚರ್ಚೆ ನಿಂತಿಲ್ಲ. ಇಬ್ಬರು ಓದುಗರು ಇಲ್ಲಿ ಬರೆದಿದ್ದಾರೆ.

ಪರ: ಅಲ್ಲಿ ಕೂರುವವರನ್ನು ಮೊದಲು ನೋಡಿ

ನಾನು ಹೂ ಮಾರುವವಳ ಮಗಳು. ಮಾರುಕಟ್ಟೆ ಅಂದ ಕೂಡಲೇ ನನಗೆ ಕಮಾನು ನೆನಪಾಗುವುದಿಲ್ಲ. ಅಮ್ಮನ ಸೊಂಟನೋವು ನೆನಪಾಗುತ್ತದೆ.

ದೇವರಾಜ ಮಾರುಕಟ್ಟೆಯನ್ನು ಕೆಡವಿ ಹೊಸದಾಗಿ ಕಟ್ಟಲೇಬೇಕು. ಮೊದಲನೇ ಕಾರಣ ಜೀವ. 2012ರ ಆಗಸ್ಟ್‌ನಲ್ಲಿ ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿತ್ತು. 1892ರ ಕಟ್ಟಡ ಅದು. ಹಳೇ ಪಠ್ಯಪುಸ್ತಕ ಬೇಕಾದ ಮಕ್ಕಳೆಲ್ಲ ಹೋಗುತ್ತಿದ್ದ ಜಾಗ. ನಾಲ್ಕು ಜನ ಸತ್ತರು. ಸರಿಯಾಗಿ ನಾಲ್ಕು ವರ್ಷಕ್ಕೆ ಮಾರುಕಟ್ಟೆಯ ಧನ್ವಂತರಿ ರಸ್ತೆ ಕಡೆಯ ಭಾಗ ಕುಸಿಯಿತು. ಪುಣ್ಯಕ್ಕೆ ಆ ಸಲ ಯಾರ ಜೀವವೂ ಹೋಗಲಿಲ್ಲ. ದುರಸ್ತಿ ನಡೆಯುವಾಗಲೇ ಬಿತ್ತು, ಕೆಲಸ ಸರಿಯಿರಲಿಲ್ಲ ಅನ್ನುತ್ತಾರೆ. ಇರಬಹುದು. ಬಿದ್ದದ್ದು ಬಿದ್ದದ್ದೇ ಅಲ್ವಾ? ಮುಂದಿನ ಸಲ ಸಂಜೆ ಆರು ಗಂಟೆಗೆ, ಹಬ್ಬದ ಹಿಂದಿನ ದಿನ ಬಿದ್ದರೆ?

ಆದರೆ ನಾನು ಬರೆಯಲು ಕೂತಿದ್ದು ಬರೀ ಗೋಡೆ ಬಗ್ಗೆ ಅಲ್ಲ.

ನಮ್ಮಮ್ಮ ಹೂ ಮಾರಿದ್ದು ಮೈಸೂರಿನಲ್ಲಲ್ಲ, ಬೇರೊಂದು ಊರಿನ ಹಳೇ ಮಾರುಕಟ್ಟೆಯಲ್ಲಿ. ಅದರ ಹೆಸರು ಬೇಡ, ಎಷ್ಟೋ ಊರುಗಳ ಕಥೆ ಇದೇ. ಅಂಗಡಿ ಅಂತ ಅವಳಿಗೆ ಇರಲಿಲ್ಲ. ಎರಡು ಅಂಗಡಿಗಳ ನಡುವೆ ಒಂದು ಗೋಣಿಚೀಲದ ಜಾಗ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮೊದಲ ಬಸ್ಸು ಹಿಡಿದು, ಐದೂವರೆಗೆ ಚೀಲ ಹಾಸಿದರೆ ಏಳುತ್ತಿದ್ದದ್ದು ಮಧ್ಯಾಹ್ನ ಒಂದಕ್ಕೆ. ಅಷ್ಟು ಹೊತ್ತು ಒಂದು ತೊಟ್ಟು ನೀರು ಕುಡಿಯುತ್ತಿರಲಿಲ್ಲ. ಯಾಕೆಂದರೆ ಅಲ್ಲಿ ಹೆಂಗಸರು ಹೋಗುವಂಥ ಶೌಚಾಲಯ ಇರಲಿಲ್ಲ. ಇದ್ದ ಒಂದಕ್ಕೆ ಬಾಗಿಲಿರಲಿಲ್ಲ. ಉರಿಮೂತ್ರ ಬಂತು, ಜ್ವರ ಬಂತು, ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಜಾಸ್ತಿ ನೀರು ಕುಡಿಯಿರಿ ಅಂದರು. ಅಮ್ಮ ತಲೆ ಆಡಿಸಿದಳು. ಹೊರಗೆ ಬಂದು ನನ್ನನ್ನು ಕೇಳಿದಳು: ಕುಡಿದು ಎಲ್ಲಿಗೆ ಹೋಗಲಿ?

ನಾನು ಆಗ ಏಳನೇ ಕ್ಲಾಸು. ಉತ್ತರ ಹೇಳಲು ಗೊತ್ತಾಗಲಿಲ್ಲ.

ಮಳೆಗಾಲ ಇನ್ನೂ ಕಷ್ಟ. ಚಾವಣಿ ಒದ್ದೆಯಾಗಿ ಗಾರೆ ಉದುರುತ್ತಿತ್ತು. ಒಂದು ಸಲ ಶ್ರಾವಣದ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ. ಅಮ್ಮ ಸಾಲ ತಂದು ಎರಡು ಬುಟ್ಟಿ ಮಲ್ಲಿಗೆ ಮೊಗ್ಗು ಹಾಕಿದ್ದಳು. ಮೇಲಿಂದ ಒಂದು ಚಕ್ಕೆ ಗಾರೆ ಬಂದು ಬುಟ್ಟಿಗೇ ಬಿತ್ತು. ಅವಳ ಮೇಲೆ ಬೀಳಲಿಲ್ಲ, ಅದೇ ದೊಡ್ಡದು. ನಾನು, ಅವಳು ಕೂತು ಆರಿಸಿದೆವು. ಬಿಳಿ ಮೊಗ್ಗಿನಲ್ಲಿ ಬಿಳಿ ಗಾರೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಒಂದೊಂದೇ ಹಿಡಿ ತೆಗೆದು, ಬೆರಳಿನಲ್ಲಿ ಸವರಿ, ಒರಟು ಸಿಕ್ಕಿದ್ದನ್ನು ಬಿಸಾಕಿದೆವು. ಮೊಗ್ಗು ಕೈ ಬಿಸಿಗೆ ಬಾಡಿದವು. ದೇವರಿಗೆ ಮುಡಿಸುವ ಹೂ, ಸುಣ್ಣ ಬಿದ್ದದ್ದು ಬೇಡ ಅಂತ ಜನ ಮುಂದೆ ಹೋದರು. ಅವರದೂ ತಪ್ಪಲ್ಲ. ಒಂದು ಬುಟ್ಟಿಯನ್ನು ಹಾಗೇ ಹೊತ್ತುಕೊಂಡು ಬಂದು ಮನೆ ಹಿಂದಿನ ಬಸಳೆ ಬುಡಕ್ಕೆ ಸುರಿದಳು. ಆ ಸಾಲ ತೀರಿದ್ದು ದೀಪಾವಳಿ ಕಳೆದ ಮೇಲೆ.

ಈಗ ಹೇಳಿ, ಆ ಚಾವಣಿಯನ್ನು ನಾನು ಪರಂಪರೆ ಅಂತ ಹೇಗೆ ಕರೆಯಲಿ?

ದೇವರಾಜ ಮಾರುಕಟ್ಟೆಯನ್ನು ಮುಟ್ಟಬೇಡಿ ಅನ್ನುವವರು ದಸರೆಗೆ ಬರುತ್ತಾರೆ. ಕುಂಕುಮದ ಗುಡ್ಡೆ, ಸೇವಂತಿಗೆ ಹಾರದ ಸುರುಳಿ, ಊದುಬತ್ತಿ ಹೊಗೆ, ಎಲ್ಲದರ ಫೋಟೊ ತೆಗೆಯುತ್ತಾರೆ. ಒಂದು ಗಂಟೆ ಇದ್ದು ಹೋಗುತ್ತಾರೆ. ಅಲ್ಲಿ ಹತ್ತು ಗಂಟೆ ಕೂರುವವರನ್ನು ಅವರು ಒಂದು ಸಲವೂ ಕೇಳಿಲ್ಲ. ಸುಮಾರು ಎಂಟುನೂರು ಅಂಗಡಿ, ಅದರ ಮೇಲೆ ಕೂಲಿಯವರು, ಬುಟ್ಟಿಯವರು. ಇವರಿಗೆ ಬೇಕಾದದ್ದು ಒಳ್ಳೇ ಶೌಚಾಲಯ, ಕುಡಿಯುವ ನೀರು, ಎಳೇ ಮಗುವಿಗೆ ಹಾಲು ಕೊಡಲು ಮರೆಯಿರುವ ಒಂದು ಕೋಣೆ, ಮಿಕ್ಕ ಹೂವನ್ನು ರಾತ್ರಿ ಇಡಲು ತಣ್ಣನೆ ಜಾಗ, ನೆಟ್ಟಗೆ ಹರಿಯುವ ಚರಂಡಿ. ಹೆಜ್ಜೆ ಹೆಜ್ಜೆಗೂ ಊರುಗೋಲು ಕೇಳುವ ಗೋಡೆಯೊಳಗೆ ಇಷ್ಟನ್ನೂ ತುರುಕಲು ಆಗುವುದಿಲ್ಲ. ಹೊಸದಾಗಿ ಕಟ್ಟುವಾಗ ನಕ್ಷೆಯಲ್ಲೇ ಬರೆಯಬಹುದು. ಕಮಾನು ಅಷ್ಟು ಇಷ್ಟವಾದರೆ ಹೊರಗೆ ಅದೇ ಕಮಾನು ಕಟ್ಟಲಿ, ಅದೇ ಬಣ್ಣ ಬಳಿಯಲಿ. ನನ್ನ ತಕರಾರಿಲ್ಲ. ಒಳಗೆ ಮಾತ್ರ ಮನುಷ್ಯರು ಕೂರುವ ಹಾಗಿರಲಿ.

ಶೌಚಾಲಯದ ಮಾತನ್ನೇ ಎಷ್ಟು ಸಲ ಹೇಳುತ್ತೀರಿ ಅನ್ನಬಹುದು. ಆಗುವವರೆಗೂ ಹೇಳುತ್ತೇನೆ.

ಅಮ್ಮ ಈಗ ಹೂ ಮಾರುವುದಿಲ್ಲ, ನನ್ನ ಜೊತೆ ಇದ್ದಾಳೆ. ಇಬ್ಬರೂ ಎಲ್ಲಿಗಾದರೂ ಹೊರಟರೆ ಬಸ್ಸಿಳಿದ ಕೂಡಲೇ ಸುತ್ತ ನೋಡುತ್ತಾಳೆ. ಶೌಚಾಲಯದ ಬೋರ್ಡು ಕಂಡ ಮೇಲೆಯೇ ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಾಳೆ.

ವಿರೋಧ: ಗೋಡೆಗೊಂದು ತೀರ್ಮಾನ ಮಾಡಿ

ಉಳಿಸಿಕೊಳ್ಳಿ ಎಂದು ಬರೆಯಲು ನನ್ನನ್ನು ಕೇಳಿದ್ದಾರೆ. ಬಹಳ ವರ್ಷ ಡಿಪ್ಲೊಮಾ ಹುಡುಗರಿಗೆ ಕಟ್ಟಡ ಕಾಮಗಾರಿ ಕಲಿಸಿದವನು ನಾನು. ಪೂರ್ತಿ ಉಳಿಯುತ್ತದೆ ಎಂಬ ಧೈರ್ಯ ನನಗೂ ಇಲ್ಲ. ಬಿದ್ದ ಭಾಗವನ್ನು ಹೊಸದಾಗಿಯೇ ಕಟ್ಟಬೇಕು. ಆದರೆ ಒಂದು ತುದಿ ಬಿತ್ತು ಅಂತ ಇನ್ನೊಂದು ತುದಿಯನ್ನೂ ಕೆಡವುವುದು ಸರಿಯಲ್ಲ.

ಇತಿಹಾಸ ಎಲ್ಲರಿಗೂ ಗೊತ್ತಿರುವುದೇ. ಮೊದಲು ಅಲ್ಲಿ ಸಂತೆ ಸೇರುತ್ತಿತ್ತು. 1886ರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಮಾರುಕಟ್ಟೆ ರೂಪ ಪಡೆಯಿತು. ಪಕ್ಕದ ಚಿಕ್ಕಗಡಿಯಾರವೂ ಅದೇ ವರ್ಷದ್ದು. ಊರಿನ ನಡುಭಾಗ ಮೈಸೂರಿನಂತೆ ಕಾಣುವುದು ಇಂಥ ನಾಲ್ಕಾರು ಕಟ್ಟಡಗಳಿಂದ. ಇದಿಷ್ಟು ಸಾಕು.

ಹಳೇ ಕಟ್ಟಡಗಳೆಲ್ಲ ವಯಸ್ಸಾಗಿ ಸಾಯುತ್ತವೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಸುಣ್ಣದ ಗಾರೆ ಉಸಿರಾಡುತ್ತದೆ. ಮಳೆಯಲ್ಲಿ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು, ಗಾರೆ ಪುಡಿಯಾಗಿ, ಇಟ್ಟಿಗೆ ಸಡಿಲವಾಗುತ್ತದೆ. ಚಾವಣಿಯಲ್ಲಿ ಹುಟ್ಟಿದ ಅರಳಿಗಿಡವನ್ನು ಬೇರು ಬಿಟ್ಟು ಮೇಲೆ ಮಾತ್ರ ಕತ್ತರಿಸಿದರೆ ಅದು ಗೋಡೆ ಸೀಳುತ್ತದೆ. ಇದು ಆರೈಕೆಯ ತಪ್ಪು. ಬೆಲ್ಲ, ಅಳಲೆಕಾಯಿ ನೀರು ಸೇರಿಸಿ ಅರೆದ ಗಾರೆಯಲ್ಲಿ ಇಂಥ ಗೋಡೆಗಳನ್ನು ಈಗಲೂ ಗಟ್ಟಿ ಮಾಡುತ್ತಾರೆ. ಮಾರುಕಟ್ಟೆಯನ್ನು ದುರಸ್ತಿ ಮಾಡಬಹುದು ಎಂದು ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆ ಕೂಡ ಹೇಳಿದೆ. 1869ರ ಮುಂಬೈ ಕ್ರಾಫರ್ಡ್ ಮಾರುಕಟ್ಟೆಯ ಹಳೇ ಕಟ್ಟಡವನ್ನು ಕೆಡವದೆ ಉಳಿಸಿಕೊಂಡಿದ್ದಾರೆ.

ಶೌಚಾಲಯ, ನೀರು ಬೇಕು. ಒಪ್ಪಿದೆ. ಅದಕ್ಕೆ ಇಡೀ ಮಾರುಕಟ್ಟೆ ಕೆಡವಬೇಕಿಲ್ಲ.

ನನ್ನ ದೊಡ್ಡ ಚಿಂತೆ ಮಹಡಿ. ಹೊಸದಾಗಿ ಕಟ್ಟಿದರೆ ನೆಲದಡಿ ಪಾರ್ಕಿಂಗ್, ಮೇಲೆ ಮಹಡಿ ಎಂಬ ಮಾತು ಬಂದೇ ಬರುತ್ತದೆ. ಸೊಪ್ಪು ಕೊಳ್ಳಲು ಯಾರು ಮೆಟ್ಟಿಲು ಹತ್ತುತ್ತಾರೆ? ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಈ ಮೂರಕ್ಕೂ ಇಲ್ಲಿನದೇ ಬೆಳೆ ಎಂಬ ಭೌಗೋಳಿಕ ಗುರುತು (ಜಿಐ) ಸಿಕ್ಕಿದೆ. ಮೂರೂ ಬೇಗ ಬಾಡುವ, ಕೊಳೆಯುವ ಮಾಲು. ಗಾಡಿ ನೇರ ಬಂದು ಇಳಿಸಬೇಕು, ಗಿರಾಕಿ ನಡೆದು ಬಂದು ಕೊಳ್ಳಬೇಕು, ಜಾಗ ತಂಪಾಗಿರಬೇಕು. ದಪ್ಪ ಗೋಡೆ, ಎತ್ತರದ ಚಾವಣಿ ಕಟ್ಟಿದ್ದು ಅದಕ್ಕೇ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹಳೇ ಕಟ್ಟಡಗಳ ನಡುವೆ 1990ರ ದಶಕದಲ್ಲಿ ಮಹಡಿಗಳ ಹೊಸ ಸಂಕೀರ್ಣ ಎದ್ದಿತು. ಇವತ್ತು ಬೆಳಗ್ಗೆ ಹೋಗಿ ನೋಡಿ. ಎಷ್ಟೊಂದು ಜನ ಹೊರಗೆ ರಸ್ತೆಯಲ್ಲೇ ಕೂತು ಮಾರುತ್ತಿದ್ದಾರೆ.

ಇನ್ನೊಂದು, ಕಟ್ಟುವಷ್ಟು ದಿನ ವ್ಯಾಪಾರಿಗಳು ಎಲ್ಲಿರಬೇಕು? ಮೈಸೂರಿನ ಪುರಭವನದ ಮುಂದೆ ನೆಲದಡಿ ಪಾರ್ಕಿಂಗ್ ಕೆಲಸ ವರ್ಷಗಟ್ಟಲೆ ಎಳೆದಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ಪಾರ್ಕಿಂಗ್ ಕಾಯಬಹುದು, ಬಾಳೆಹಣ್ಣು ಕಾಯುವುದಿಲ್ಲ. ಬಾಡಿಗೆ ರಸೀದಿ ಇದ್ದವರಿಗೆ ವಾಪಸ್ ಅಂಗಡಿ ಸಿಗಬಹುದು. ಬುಟ್ಟಿ ಇಟ್ಟುಕೊಂಡು ಕೂರುವವರ ಹತ್ತಿರ ಯಾವ ರಸೀದಿಯೂ ಇಲ್ಲ.

ಪೂರ್ತಿ ಉಳಿಸಿ ಅನ್ನುವುದಕ್ಕಿಂತ ಗೋಡೆಗೊಂದು ತೀರ್ಮಾನ ಮಾಡಿ ಅನ್ನುತ್ತೇನೆ. ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಬೇಕು. ಟಣ್ ಅಂದರೆ ಗಾರೆ ಹಿಡಿದಿದೆ, ಬೊಳ್ ಅಂದರೆ ಬಿಟ್ಟಿದೆ. ಬಿಟ್ಟ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಮುಂದೆ ಹೋಗಬೇಕು. ಆಮೇಲೆ ಯಂತ್ರದ ಪರೀಕ್ಷೆ ಇದ್ದೇ ಇದೆ. ಚಿಕ್ಕಗಡಿಯಾರದ ಕಡೆಯಿಂದ ಶುರು ಮಾಡಲಿ. ಗೆರೆಯೊಳಗೆ ಬಂದದ್ದನ್ನು ಕೆಡವಲಿ, ನಾನೂ ಬೇಡ ಅನ್ನುವುದಿಲ್ಲ.