ಕಿತ್ತಿದ್ದು ಎರಡೇ ದಿನದಲ್ಲಿ
ನಮ್ಮ ಮನೆ ಈ ದಡ, ಬಸ್ ಸ್ಟಾಪ್ ಆ ದಡ. ನಡುವೆ ಕೋರಮಂಗಲದ ಕಡೆಯಿಂದ ಬೆಳ್ಳಂದೂರು ಕೆರೆಗೆ ಹರಿಯುವ ರಾಜಕಾಲುವೆ. ಅದರ ಮೇಲಿದ್ದ ಕಬ್ಬಿಣದ ಕಾಲುಸೇತುವೆಯನ್ನು, ಹೊಸದು ಕಟ್ಟುತ್ತೇವೆ ಅಂತ ಎರಡೇ ದಿನದಲ್ಲಿ ಕಿತ್ತರು. ಎಂಟು ತಿಂಗಳಾಯಿತು. ನಾಲ್ಕು ಕಂಬಿ ನಿಂತಿವೆ, ಅವಕ್ಕೂ ತುಕ್ಕು ಹಿಡಿದಿದೆ.

ಹಳೆಯದು ಹೋಗಲೇಬೇಕಿತ್ತು, ಒಪ್ಪುತ್ತೇನೆ. ಕೊಳಚೆಯಿಂದ ಏಳುವ ಗ್ಯಾಸ್ ಕಬ್ಬಿಣವನ್ನೇ ತಿಂದುಹಾಕುತ್ತದೆ. ಒಂದು ಕಡೆ ತಗಡು ತೂತಾಗಿ ಕೆಳಗಿನ ಕಪ್ಪು ನೀರು ಕಾಣುತ್ತಿತ್ತು. ಯಾರೋ ಪುಣ್ಯಾತ್ಮರು ಅಲ್ಲಿ ಹಳೇ ಬಾಗಿಲು ಹಾಸಿದ್ದರು, ಚಿಲಕದ ಸಮೇತ! ಆದರೂ ದಾಟುತ್ತಿದ್ದೆವು ಅಲ್ವಾ?

ಈಗ ಮೇನ್ ರೋಡ್ ಸುತ್ತಿ ಒಂದೂವರೆ ಕಿಲೋಮೀಟರ್. ಆಟೋದವರು "ಇಷ್ಟು ಹತ್ತಿರಕ್ಕಾ?" ಅಂತ ಮುಖ ತಿರುಗಿಸುತ್ತಾರೆ. 'ಕಾಮಗಾರಿ ಪ್ರಗತಿಯಲ್ಲಿದೆ' ಬೋರ್ಡಿನ ಮೇಲೆ ತೊಂಡೆ ಬಳ್ಳಿ ಹಬ್ಬಿ ಕಾಯಿ ಬಿಟ್ಟಿದೆ.